ಮುತ್ತಜ್ಜನ ಹೆಸರಲ್ಲ, ಅವರ ಹಡಗಿನ ಹೆಸರು ಹುಡುಕಿ

ಪ್ರಶ್ನೆ: ನಮ್ಮ ಮುತ್ತಜ್ಜ ಬ್ರಿಟಿಷ್ ಕಂಪನಿಯೊಂದರ ಹಡಗಿನಲ್ಲಿ ಖಲಾಸಿಯಾಗಿದ್ದರು, ಮುಂಬೈಯಲ್ಲಿ ಹಡಗು ಹತ್ತುತ್ತಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಆ ಹಡಗನ್ನು ನಮ್ಮಜ್ಜಿ 'ಕಲ್ಯಾಣಮಕ್ಕಿ' ಎನ್ನುತ್ತಿದ್ದರು. ನಡುಸಮುದ್ರದಲ್ಲಿ 'ಕಬ್ಬಿಣದ ಮೀನು' ಹೊಡೆದು ಹಡಗು ಮುಳುಗಿತಂತೆ, ಮುತ್ತಜ್ಜ ಮೂರು ದಿನ ದೋಣಿಯಲ್ಲಿ ತೇಲಿ ಬದುಕಿದರಂತೆ. ಅವರದೊಂದು ಫೋಟೋ ಉಳಿದಿದೆ. ಅದರ ಹಿಂದೆ ಸ್ಕಾಟ್ಲೆಂಡಿನ ಗ್ಲಾಸ್ಗೋದ ಸ್ಟುಡಿಯೋ ಮುದ್ರೆ ಇದೆ. ಹಳೆಯ ಪತ್ರಿಕೆಗಳ ಜಾಲತಾಣಗಳಲ್ಲಿ 1890ರಿಂದ 1910ರವರೆಗೆ ಅವರ ಹೆಸರನ್ನು ನಾನಾ ಕಾಗುಣಿತದಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ಹಾಗಾದರೆ ಕಥೆಯೇ ಕಟ್ಟುಕಥೆಯೆ? ನಾವಿಕರ ದಾಖಲೆಗಳನ್ನೆಲ್ಲ ಬ್ರಿಟಿಷರು ನಾಶ ಮಾಡಿದರು ಎಂದು ಒಬ್ಬರು ಹೇಳುತ್ತಾರೆ. ದುಡ್ಡು ಕೊಟ್ಟರೆ ನಾವು ಹುಡುಕಿಕೊಡುತ್ತೇವೆ ಎಂದು ಇನ್ನೊಬ್ಬರು. ಯಾರನ್ನು ನಂಬಲಿ?

ಉತ್ತರ: ದಾಖಲೆ ಸಿಗಲಿಲ್ಲ ಎನ್ನುವುದಕ್ಕಿಂತ, ಅಜ್ಜಿ ಹೇಳಿದ ಕಥೆ ಸುಳ್ಳಾಗಿಬಿಟ್ಟಿತೇ ಎಂಬುದೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎಂದು ನಿಮ್ಮ ಪತ್ರ ಓದಿದಾಗ ಅನ್ನಿಸಿತು. ಅದಕ್ಕೇ ಮೊದಲು ಉತ್ತರಿಸುತ್ತೇನೆ. ಪತ್ರಿಕೆಯಲ್ಲಿ ಮುತ್ತಜ್ಜನ ಹೆಸರು ಸಿಗದಿರುವುದು ಕಥೆಯ ವಿರುದ್ಧ ಸಾಕ್ಷಿಯೇ ಅಲ್ಲ. ಹಳೆಯ ಹಡಗು ದಾಖಲೆಗಳಲ್ಲಿ ಕೆಲಸ ಮಾಡುವ ನಮಗೆ ಅಲ್ಲಿ ಖಲಾಸಿಯೊಬ್ಬರ ಹೆಸರು ಸಿಕ್ಕಿದರೇ ಆಶ್ಚರ್ಯ.

ಪತ್ರಿಕೆಗಳು ಹಡಗಿನ ಸುದ್ದಿಯನ್ನು ಯಾರಿಗಾಗಿ ಅಚ್ಚು ಹಾಕುತ್ತಿದ್ದವು ಎಂದು ಯೋಚಿಸಿ. ಸರಕು ಕಳಿಸಿದ ವ್ಯಾಪಾರಿಗೆ, ವಿಮೆ ಬರೆದವನಿಗೆ, ಹಡಗಿನ ಮಾಲೀಕನಿಗೆ. ಲಂಡನ್ನಿನ ಲಾಯ್ಡ್ಸ್ ಲಿಸ್ಟ್ 1734ರಲ್ಲಿ ಶುರುವಾದದ್ದೂ ಇವರಿಗಾಗಿಯೇ. ಉಳಿದ ಪತ್ರಿಕೆಗಳೂ ಅದೇ ಜಾಡು ಹಿಡಿದವು. ಸಣ್ಣ ಅಕ್ಷರಗಳ ಆ ಅಂಕಣದಲ್ಲಿ ಮೊದಲು ಹಡಗಿನ ಹೆಸರು, ಪಕ್ಕದಲ್ಲಿ ಕ್ಯಾಪ್ಟನ್‌ನ ಉಪನಾಮ, ಆಮೇಲೆ ಯಾವ ಬಂದರಿನಿಂದ ಬಂತು, ಕೊನೆಯಲ್ಲಿ ಏಜೆಂಟರ ಹೆಸರು, ಅಷ್ಟೇ. ಮೇಲ್ದರ್ಜೆಯ ಪ್ರಯಾಣಿಕರಿದ್ದರೆ ಅವರ ಪಟ್ಟಿಯೂ ಬರುತ್ತಿತ್ತು. ಹಗ್ಗ ಎಳೆದವರ, ಕಲ್ಲಿದ್ದಲು ಸುರಿದವರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಯುರೋಪಿನ ಸಾಮಾನ್ಯ ನಾವಿಕನಿಗೂ ಇದೇ ಗತಿ. ಭಾರತೀಯ ನಾವಿಕರಾದರೆ, ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಇಂಥವರು ಸುಮಾರು 50 ಸಾವಿರ ಮಂದಿ ಇದ್ದರೂ, 'ಲಸ್ಕರರು' ಎಂಬ ಒಂದೇ ಪದದಲ್ಲಿ ಮುಗಿಯಿತು. ಕ್ವೆಟ್ಟಾ ಎಂಬ ಹಡಗು 1890ರ ಫೆಬ್ರವರಿ 28ರಂದು ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ, ನಕಾಶೆಯಲ್ಲಿ ಇಲ್ಲದ ಬಂಡೆಗೆ ಬಡಿದು ಕೆಲವೇ ನಿಮಿಷಗಳಲ್ಲಿ ಮುಳುಗಿತು. 130ಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿನ ಪತ್ರಿಕೆಗಳು ಅದರ ಬಗ್ಗೆ ಪುಟಗಟ್ಟಲೆ ಬರೆದವು. ಬಿಳಿಯ ಪ್ರಯಾಣಿಕರು, ಅಧಿಕಾರಿಗಳು ಹೆಸರು ಹೆಸರಾಗಿ ಬರುತ್ತಾರೆ. ಲಸ್ಕರರು ಬರುವುದು ಸಂಖ್ಯೆಯಾಗಿ. ಇದು ನನಗೆ ಇಂದಿಗೂ ಸಂಕಟ ತರುವ ವಿಷಯ. ಹುಡುಕುವವರು ಇದನ್ನು ಮೊದಲೇ ತಿಳಿದಿದ್ದರೆ ತಿಂಗಳುಗಟ್ಟಲೆ ಶ್ರಮ ಉಳಿಯುತ್ತದೆ.

ಆದ್ದರಿಂದ ಪತ್ರಿಕೆಯಲ್ಲಿ ಹುಡುಕಬೇಕಾದದ್ದು ಹಡಗನ್ನು. ಹಡಗು ಗೊತ್ತಾದರೆ ಮನುಷ್ಯನನ್ನು ಹುಡುಕಲು ಬೇರೆ ದಾಖಲೆಗಳಿವೆ.

ಈಗ ಅಜ್ಜಿಯ ಮಾತಿಗೆ ಬರೋಣ. 'ಕಬ್ಬಿಣದ ಮೀನು' ಎಂಬುದನ್ನು ನೀವು ಕಲ್ಪನೆ ಎಂದು ಬದಿಗಿಟ್ಟಂತೆ ಕಾಣುತ್ತದೆ. ನಾನು ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ. ನೀರಿನೊಳಗಿಂದ ಬಂದು ಹಡಗಿನ ಹೊಟ್ಟೆಗೆ ಹೊಡೆಯುವ ಕಬ್ಬಿಣದ ಮೀನು ಟಾರ್ಪೆಡೊ ಅಲ್ಲದೆ ಮತ್ತೇನು? ಜಲಾಂತರ್ಗಾಮಿಯನ್ನೇ ಹಾಗೆ ಕರೆದಿರಲೂಬಹುದು. ಯಾವುದಾದರೂ ಸರಿ, ಘಟನೆ 1914 ಮತ್ತು 1918ರ ನಡುವೆ ಬಂದು ನಿಲ್ಲುತ್ತದೆ. ನೀವು ಹುಡುಕಾಟ ನಿಲ್ಲಿಸಿದ್ದು 1910ಕ್ಕೆ. ಮನೆಯ ನೆನಪಿನಲ್ಲಿ ಇಸವಿ ಹತ್ತಿಪ್ಪತ್ತು ವರ್ಷ ಆಚೀಚೆ ಆಗುವುದು ಮಾಮೂಲು. ಆದರೆ ಕಣ್ಣಾರೆ ಕಂಡವರು ಹೇಳಿದ ಇಂಥ ವಿವರ ಹಾಗೆ ಸುಲಭವಾಗಿ ಹುಟ್ಟುವುದಿಲ್ಲ.

ಹೆಸರಿನ ವಿಷಯ. ಜನ ಕರೆಯುವ ಹೆಸರು ಒಂದು, ದಾಖಲೆಯ ಹೆಸರು ಇನ್ನೊಂದು ಆಗಿರುವುದುಂಟು. 1888ರ ನವೆಂಬರಿನಲ್ಲಿ ಸೌರಾಷ್ಟ್ರದ ಕರಾವಳಿಯ ಬಳಿ ಬಿರುಗಾಳಿಗೆ ಸಿಕ್ಕಿ ಕಾಣೆಯಾದ ಹಡಗು ಗುಜರಾತಿನ ಜನರ ಬಾಯಲ್ಲಿ 'ವೀಜಳಿ'. ವಿದ್ಯುತ್ ದೀಪ ಇತ್ತೆಂದು ಆ ಹೆಸರು. ನೋಂದಣಿಯಲ್ಲಿ ಅದು ವೈತರ್ಣಾ. ವೀಜಳಿ ಎಂದು ಹುಡುಕಿದರೆ ಹಡಗಿನ ನೋಂದಣಿ ಪುಸ್ತಕದಲ್ಲಿ ಸಿಗುವುದಿಲ್ಲ. ನಿಮ್ಮ 'ಕಲ್ಯಾಣಮಕ್ಕಿ'ಯನ್ನು ಗಟ್ಟಿಯಾಗಿ ಒಂದೆರಡು ಸಲ ಹೇಳಿನೋಡಿ. ನನ್ನ ಕಿವಿಗೆ ಅದು 'ಕ್ಲ್ಯಾನ್ ಮ್ಯಾಕ್...' ಎಂದು ಕೇಳಿಸುತ್ತದೆ. ಕ್ಲ್ಯಾನ್ ಲೈನ್ ಗ್ಲಾಸ್ಗೋದ ಕಂಪನಿ, ಭಾರತಕ್ಕೆ ಓಡುತ್ತಿತ್ತು, ಭಾರತೀಯ ನಾವಿಕರನ್ನೇ ಹೆಚ್ಚಾಗಿ ತೆಗೆದುಕೊಳ್ಳುತ್ತಿತ್ತು, ತನ್ನ ಹಡಗುಗಳಿಗೆಲ್ಲ ಕ್ಲ್ಯಾನ್ ಎಂದೇ ಹೆಸರು ಶುರುಮಾಡುತ್ತಿತ್ತು. ನಿಮ್ಮ ಫೋಟೋದ ಹಿಂದಿನ ಮುದ್ರೆಯೂ ಅದೇ ಊರಿನದು.

ಈ ಗುಟ್ಟು ನಿಮ್ಮಂತೆ ಅರ್ಧ ಹೆಸರು ಮಾತ್ರ ಉಳಿಸಿಕೊಂಡ ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ. ಕಂಪನಿಗಳು ಹಡಗಿಗೆ ಹೆಸರಿಡುವುದರಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದವು. ಬ್ರಿಟಿಷ್ ಇಂಡಿಯಾ ಎಂಬ ಹಡಗು ಕಂಪನಿಯ ಹಡಗುಗಳು ಸಾಮಾನ್ಯವಾಗಿ 'ಆ' ಎಂದು ಮುಗಿಯುತ್ತವೆ: ಕ್ವೆಟ್ಟಾ, ರೋಹಿಲ್ಲಾ. ಆಂಕರ್ ಲೈನ್‌ನವು 'ಇಯಾ' ಎಂದು. ಬಿಬ್ಬಿ ಲೈನ್‌ನವು 'ಶೈರ್' ಎಂದು. ಸಿಟಿ ಲೈನ್‌ನವು 'ಸಿಟಿ ಆಫ್' ಎಂದು ಶುರು. ಬಾಲವೋ ತಲೆಯೋ ನೆನಪಿದ್ದರೂ ಕಂಪನಿ ಯಾವುದೆಂದು ಊಹಿಸಬಹುದು.

ಊಹೆಯನ್ನು ಪರೀಕ್ಷಿಸದೆ ಬಿಡಬಾರದು. ಪಿ ಅಂಡ್ ಓ ಕಂಪನಿಗೆ ಆ ಕಾಲದಲ್ಲಿ ಕಲ್ಯಾಣ್ ಎಂಬ ಹೆಸರಿನ ಹಡಗೇ ಇತ್ತು. ಹೆಸರೊಂದನ್ನೇ ನೋಡಿದರೆ ಅದು ಇನ್ನೂ ಹತ್ತಿರ. ಆದರೆ ಅದು ಯುದ್ಧದಲ್ಲಿ ಮುಳುಗಲಿಲ್ಲ. ಹಾಗಾಗಿ ಕಥೆಗೆ ಕೂಡುವುದಿಲ್ಲ. ಮುತ್ತಜ್ಜ ಎರಡರಲ್ಲೂ ಕೆಲಸ ಮಾಡಿ, ಮನೆಯವರು ಎರಡನ್ನೂ ಬೆರೆಸಿರಬಹುದು, ಆ ಬಾಗಿಲನ್ನು ತೆರೆದಿಡಿ. ಹಾಗೆಯೇ ಗ್ಲಾಸ್ಗೋ ಮುದ್ರೆಯೊಂದೇ ಕ್ಲ್ಯಾನ್ ಲೈನನ್ನು ಸಾಧಿಸುವುದಿಲ್ಲ. ಆಂಕರ್ ಲೈನ್, ಸಿಟಿ ಲೈನ್ ಎರಡೂ ಆ ಊರಿನವೇ.

ಕ್ಲ್ಯಾನ್ ಮ್ಯಾಕ್ ಎಂದು ಶುರುವಾಗುವ ಹಡಗುಗಳು ಒಂದೆರಡಲ್ಲ. ಮುಳುಗಿದವೇ ಹಲವು. 1915ರ ಕೊನೆಯ ಎರಡು ತಿಂಗಳಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಮೆಡಿಟರೇನಿಯನ್ ಸಮುದ್ರದಲ್ಲಿ ಮೂರನ್ನು ಮುಳುಗಿಸಿದವು: ನವೆಂಬರ್ 6ರಂದು ಕ್ಲ್ಯಾನ್ ಮ್ಯಾಕ್‌ಅಲಿಸ್ಟರ್, ಡಿಸೆಂಬರ್ 1ರಂದು ಕ್ಲ್ಯಾನ್ ಮ್ಯಾಕ್ಲಿಯೋಡ್, ಡಿಸೆಂಬರ್ 30ರಂದು ಕ್ಲ್ಯಾನ್ ಮ್ಯಾಕ್‌ಫಾರ್ಲೇನ್. ನಾನಾಗಿದ್ದರೆ ಈ ಮೂರರಿಂದ ಶುರುಮಾಡುತ್ತಿದ್ದೆ. ಇವುಗಳಲ್ಲೇ ಒಂದು ಎಂದು ನಾನು ಹೇಳುತ್ತಿಲ್ಲ. ಯುದ್ಧದಲ್ಲಿ ಮುಳುಗಿದ ವ್ಯಾಪಾರಿ ಹಡಗುಗಳ ಪಟ್ಟಿಯನ್ನು ಬ್ರಿಟಿಷ್ ಸರ್ಕಾರ 1919ರಲ್ಲಿ ತಾನೇ ಪ್ರಕಟಿಸಿತು. ತಾರೀಖು, ಜಾಗ, ಹೇಗೆ ಮುಳುಗಿತು, ಎಷ್ಟು ಜೀವಹಾನಿ, ಎಲ್ಲ ಅದರಲ್ಲಿದೆ. ಪತ್ರಿಕೆ ತೆರೆಯುವ ಮೊದಲು ಆ ಪಟ್ಟಿಯಿಂದ ಕ್ಲ್ಯಾನ್ ಹೆಸರುಗಳನ್ನು ಬರೆದುಕೊಳ್ಳಿ.

ಪಕ್ಕದಲ್ಲಿ ಪ್ರತಿಯೊಂದರ ಅಧಿಕೃತ ಸಂಖ್ಯೆಯನ್ನೂ ಬರೆಯಿರಿ. 1855ರಿಂದ ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ಒಂದು ಸಂಖ್ಯೆ ಕೊಡುತ್ತಿದ್ದರು. ಹೆಸರು ಬದಲಾದರೂ ಮಾಲೀಕ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಹಡಗು ಹೋದ ಮೇಲೆ ಇನ್ನೊಂದಕ್ಕೆ ಅದನ್ನು ಕೊಡುವುದೂ ಇಲ್ಲ. ಹೆಸರಿಗೆ ಮಾತ್ರ ಅಂಥ ನಿಷ್ಠೆ ಇಲ್ಲ. ಕ್ಲ್ಯಾನ್ ಮ್ಯಾಕ್‌ಅಲಿಸ್ಟರ್ ಎಂದು ಹುಡುಕಿದರೆ 1940ರ ಮೇ 29ರಂದು ಡನ್‌ಕರ್ಕ್‌ನಲ್ಲಿ ಬಾಂಬಿಗೆ ಸಿಕ್ಕ ಹಡಗೇ ಮೊದಲು ಎದುರಾಗುತ್ತದೆ. ಕಂಪನಿ ಹಳೆಯ ಹೆಸರನ್ನೇ ಇನ್ನೊಂದು ಹಡಗಿಗೆ ಇಟ್ಟಿತ್ತು. ಹೆಸರು ನೋಡಿ ಸಂಭ್ರಮಪಟ್ಟು ಬೇರೆ ಹಡಗಿನ ಚರಿತ್ರೆಯನ್ನು ತಮ್ಮ ಮನೆತನಕ್ಕೆ ಅಂಟಿಸಿಕೊಂಡವರನ್ನು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ಸಂಖ್ಯೆ ತಿಳಿಯಲು ದುಡ್ಡು ಬೇಕಿಲ್ಲ. ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ಎಂಬ ಸ್ವಯಂಸೇವಕರ ತಾಣದಲ್ಲಿ ಹೆಸರು ಕೊಟ್ಟರೆ ಸಂಖ್ಯೆ ಸಿಗುತ್ತದೆ. ಹಡಗುಗಳ ವಿವರ ಕೊಡುವ ಲಾಯ್ಡ್ಸ್ ರಿಜಿಸ್ಟರ್‌ನ ಹಳೆಯ ಸಂಪುಟಗಳೂ ಸ್ಕ್ಯಾನ್ ಆಗಿ ಉಚಿತವಾಗಿ ಲಭ್ಯವಿವೆ.

ಇಷ್ಟಾದ ಮೇಲೆ ಪತ್ರಿಕೆ ತೆರೆಯಿರಿ. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಸಿಂಗಪುರದ ನ್ಯೂಸ್‌ಪೇಪರ್ ಎಸ್‌ಜಿ, ಮೂರೂ ಹಳೆಯ ಪತ್ರಿಕೆಗಳ ಉಚಿತ ತಾಣಗಳು. ಗ್ಲಾಸ್ಗೋ ಹೆರಾಲ್ಡ್‌ನ ಹಳೆಯ ಸಂಚಿಕೆಗಳು ಗೂಗಲ್ ನ್ಯೂಸ್ ಆರ್ಕೈವ್‌ನಲ್ಲಿವೆ. ಅಲ್ಲಿ ಪದ ಹುಡುಕಾಟವನ್ನು ನಂಬಬೇಡಿ, ತಾರೀಖು ಹಿಡಿದು ಪುಟ ತಿರುವಿ.

ಹುಡುಕುವಾಗ ತೊಡಕಾಗುವುದು ಅಚ್ಚಿನ ಪದ್ಧತಿ. ಆ ಕಾಲದ ಪತ್ರಿಕೆಗಳು 'ಮ್ಯಾಕ್' ಎಂಬುದನ್ನು ಪೂರ್ತಿ ಬರೆಯದೆ ಬರಿಯ ಎಂ ಅಕ್ಷರ, ಅದರ ಮೇಲ್ಗಡೆ ಅಲ್ಪವಿರಾಮದಂಥ ಚುಕ್ಕೆ, ಆಮೇಲೆ 'ಫಾರ್ಲೇನ್' ಎಂದು ಹಾಕುತ್ತಿದ್ದವು. ಮ್ಯಾಕ್‌ಫಾರ್ಲೇನ್ ಎಂದು ಒಂದೇ ಪದವಾಗಿ ಕೊಟ್ಟರೆ, ಪುಟದ ಚಿತ್ರವನ್ನು ಅಕ್ಷರವಾಗಿ ಓದುವ ಯಂತ್ರ ಅದನ್ನು ಹಿಡಿಯುವುದೇ ಇಲ್ಲ. ಫಾರ್ಲೇನ್ ಎಂದಷ್ಟೇ ಕೊಟ್ಟು, ಜೊತೆಗೆ ಕ್ಲ್ಯಾನ್ ಎಂದು ಸೇರಿಸಿ ನೋಡಿ. ಮಸಿ ಹರಡಿದ ಪುಟದಲ್ಲಿ ಇಂಗ್ಲಿಷಿನ ಸಿ ಅಕ್ಷರ ಓ ಆಗಿ, ಎನ್ ಅಕ್ಷರ ಯು ಆಗಿ ಓದಿಸಿಕೊಂಡಿರುತ್ತದೆ. ಯಂತ್ರದ ಕಣ್ಣಿಗೆ ಕಾಣದ್ದು ನಿಮ್ಮ ಕಣ್ಣಿಗೆ ಕಾಣುತ್ತದೆ. ಆದ್ದರಿಂದ ಹಡಗು ಹೋದ ತಾರೀಖಿನಿಂದ ಮುಂದಿನ ಎರಡು ವಾರದ ಸಂಚಿಕೆಗಳನ್ನು ಕಣ್ಣಿನಿಂದಲೇ ಓದುವುದು ವಾಸಿ.

ಅಂಕಣದ ಭಾಷೆಗೂ ಒಗ್ಗಿಕೊಳ್ಳಬೇಕು. 'ಕ್ಲಿಯರ್ಡ್' ಎಂದರೆ ಸುಂಕದ ಕಚೇರಿಯ ಕಾಗದ ಮುಗಿಯಿತು ಎಂದಷ್ಟೇ, ಹಡಗು ಇನ್ನೂ ಬಂದರಿನಲ್ಲೇ ಇರಬಹುದು. ಹೊರಟಿತು ಎನ್ನಲು 'ಸೇಲ್ಡ್' ಎಂದಿರಬೇಕು. 'ಸ್ಪೋಕನ್' ಎಂಬ ತಲೆಬರಹದಡಿ ಇರುವುದು ನನಗೆ ಬಹಳ ಇಷ್ಟವಾದ ಭಾಗ. ನಡುಸಮುದ್ರದಲ್ಲಿ ಒಂದು ಹಡಗು ಇನ್ನೊಂದನ್ನು ಕಂಡು ಬಾವುಟದ ಸಂಕೇತದಲ್ಲಿ ಮಾತಾಡಿ, ಮುಂದಿನ ಬಂದರಿನಲ್ಲಿ 'ಇಂಥ ಹಡಗನ್ನು ಇಂಥ ಅಕ್ಷಾಂಶ ರೇಖಾಂಶದಲ್ಲಿ ಕಂಡೆವು, ಎಲ್ಲ ಕ್ಷೇಮ' ಎಂದು ವರದಿ ಮಾಡಿದ್ದು ಅದು. ತಾರೀಖಿನ ಪಕ್ಕ 'ಇನ್‌ಸ್ಟ್' ಎಂದಿದ್ದರೆ ಈ ತಿಂಗಳು, 'ಅಲ್ಟ್' ಎಂದಿದ್ದರೆ ಹೋದ ತಿಂಗಳು. ಇದನ್ನು ಗಮನಿಸದೆ ಇಡೀ ಪ್ರಯಾಣವನ್ನೇ ಒಂದು ತಿಂಗಳು ಆಚೆ ತಳ್ಳಿಬಿಡುತ್ತಾರೆ. ನಿಮ್ಮದಕ್ಕಿಂತ ಹಳೆಯ ಕಾಲದ ಹಡಗನ್ನು ಹುಡುಕುವವರು ಇನ್ನೂ ಒಂದು ನೆನಪಿಡಬೇಕು. ಸಮುದ್ರದಡಿಯ ತಂತಿ ಬ್ರಿಟನ್ನಿನಿಂದ ಮುಂಬೈ ಮುಟ್ಟಿದ್ದು 1870ರಲ್ಲಿ, ಆಸ್ಟ್ರೇಲಿಯಾದ ನಗರಗಳಿಗೆ ತಂತಿ ಸಂಪರ್ಕ ಪೂರ್ತಿಯಾದದ್ದು 1872ರಲ್ಲಿ. ಅದಕ್ಕೂ ಮುಂಚೆ ಹಡಗು ಒಡೆದ ಸುದ್ದಿ ಇನ್ನೊಂದು ಹಡಗಿನಲ್ಲೇ ಬರಬೇಕಿತ್ತು. ತಿಂಗಳುಗಳ ನಂತರದ ಸಂಚಿಕೆಯಲ್ಲಿ ಹುಡುಕಬೇಕು.

ನಿಮ್ಮ ವಿಷಯದಲ್ಲಿ ತೊಂದರೆ ಬೇರೆಯದು. ಯುದ್ಧ ಶುರುವಾದ ಮೇಲೆ ಹಡಗು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಸುದ್ದಿ ಶತ್ರುವಿಗೆ ದಾರಿ ತೋರಿಸುತ್ತದೆಂದು ಸೆನ್ಸಾರ್ ಬಂತು. 1915ರಲ್ಲಿ ಮುಳುಗಿದ ಹಡಗಿನ ಹೆಸರು ಪತ್ರಿಕೆಯಲ್ಲಿ ಒಂದೆರಡು ಸಾಲಾಗಿ ಬರುತ್ತದೆ, ಜಾಗ ಇರುವುದಿಲ್ಲ. 1917ರಲ್ಲಿ ಬ್ರಿಟಿಷ್ ನೌಕಾಡಳಿತ ಹೆಸರುಗಳನ್ನೂ ನಿಲ್ಲಿಸಿ, ವಾರಕ್ಕೆ ಇಷ್ಟು ಹಡಗು ಹೋಯಿತು ಎಂಬ ಲೆಕ್ಕ ಮಾತ್ರ ಕೊಡಲು ಶುರುಮಾಡಿತು. ಹಾಗಾಗಿ ಆ ವರ್ಷಗಳ ಪತ್ರಿಕೆಯ ಮೌನವನ್ನು ಸಾಕ್ಷಿ ಎಂದು ತಿಳಿಯಬೇಡಿ. ಬಂದ ಸುದ್ದಿಯನ್ನೂ ಒಂದೇ ದಿನದ ಮೇಲೆ ನಂಬಬೇಡಿ. ಟೈಟಾನಿಕ್ ಮುಳುಗಿದ 1912ರ ಏಪ್ರಿಲ್ 15ರಂದು 'ಎಲ್ಲರೂ ಸುರಕ್ಷಿತ' ಎಂದು ಅಚ್ಚು ಹಾಕಿದ ಪತ್ರಿಕೆಗಳಿವೆ. ಮುಂದಿನ ದಿನಗಳ ತಿದ್ದುಪಡಿಯವರೆಗೂ ಓದಿ.

ದಾಖಲೆಗಳನ್ನೆಲ್ಲ ನಾಶ ಮಾಡಿದರು ಎಂಬ ಮಾತಿನಲ್ಲಿ ಸ್ವಲ್ಪ ನಿಜ ಇದೆ. 1913ರಲ್ಲಿ ಬ್ರಿಟಿಷ್ ಸರ್ಕಾರ ನಾವಿಕರ ಕೇಂದ್ರ ನೋಂದಣಿಯನ್ನು ಮತ್ತೆ ಶುರುಮಾಡಿತು. ಅದರ 1918ರವರೆಗಿನ ಭಾಗ ಉಳಿದಿಲ್ಲ. ಆದರೆ ಪ್ರತಿ ಪ್ರಯಾಣಕ್ಕೂ ಬರೆಯುತ್ತಿದ್ದ ಸಿಬ್ಬಂದಿ ಕರಾರುಪಟ್ಟಿಗಳು ಬೇರೆಯೇ ದಾಖಲೆ. ಅವು ದೊಡ್ಡ ಪ್ರಮಾಣದಲ್ಲಿ ಉಳಿದಿವೆ, ಮುಖ್ಯವಾಗಿ ಮೂರು ಕಡೆ ಹಂಚಿಹೋಗಿವೆ ಅಷ್ಟೇ. 1863ರಿಂದ 1938ರವರೆಗಿನ ಪಟ್ಟಿಗಳಲ್ಲಿ ಸುಮಾರು ಶೇ 70ರಷ್ಟು ಕೆನಡಾದ ನ್ಯೂಫೌಂಡ್‌ಲೆಂಡಿನಲ್ಲಿ, ಸೇಂಟ್ ಜಾನ್ಸ್ ನಗರದ ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್‌ನಲ್ಲಿವೆ. ಶೇ 10ರಷ್ಟು ಲಂಡನ್ನಿನ ಕ್ಯೂ ಎಂಬ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. 5ರಿಂದ ಮುಗಿಯುವ ವರ್ಷಗಳ ಬಹುಪಾಲು ಪಟ್ಟಿಗಳು ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ. 1915 ಇದೇ ಗುಂಪಿಗೆ ಸೇರುತ್ತದೆ. ಆ ವರ್ಷದ ಪಟ್ಟಿಗಳನ್ನು ಸ್ವಯಂಸೇವಕರು ಅಕ್ಷರಕ್ಕಿಳಿಸಿ ಉಚಿತವಾಗಿ ಅಂತರ್ಜಾಲಕ್ಕೆ ಹಾಕಿದ್ದಾರೆ. ಅಲ್ಲಿ ಹಡಗಿನ ಹೆಸರು ಕೊಟ್ಟು ನೋಡಿ.

ನೋಡುವ ಮುನ್ನ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಲಸ್ಕರರಿಗೆ ಪ್ರತ್ಯೇಕ ಕರಾರು ಇರುತ್ತಿತ್ತು. ಅದಕ್ಕೆ ಸಹಿ ಬೀಳುತ್ತಿದ್ದದ್ದು ಭಾರತದ ಬಂದರಿನಲ್ಲಿ. ಎಷ್ಟೋ ಹಡಗುಗಳ ಮುಖ್ಯ ಪಟ್ಟಿಯಲ್ಲಿ ಬ್ರಿಟಿಷ್ ಅಧಿಕಾರಿಗಳ ಹೆಸರು, ಊರು, ವಯಸ್ಸು ಎಲ್ಲ ಇದ್ದು, ಭಾರತೀಯರ ಪಟ್ಟಿ ಜೊತೆಯಲ್ಲಿ ಉಳಿದಿರುವುದಿಲ್ಲ. ಉಳಿದಿದ್ದರೂ ಹೆಸರು ಗುಮಾಸ್ತರ ಕಿವಿಗೆ ಕೇಳಿದಂತೆ. ಅದಕ್ಕೇ ಒಂದು ಬಳಸುದಾರಿ ಹೇಳುತ್ತೇನೆ. ಇಂಥ ಪ್ರಕರಣಗಳಲ್ಲಿ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ.

ಖಲಾಸಿಗಳನ್ನು ಕಂಪನಿ ಒಬ್ಬೊಬ್ಬರಾಗಿ ಆರಿಸುತ್ತಿರಲಿಲ್ಲ. ಸಾರಂಗ, ಅಂದರೆ ಖಲಾಸಿಗಳ ಮುಖಂಡ, ತನ್ನ ಊರು, ತನ್ನ ನೆಂಟರಿಷ್ಟರಿಂದಲೇ ಒಂದು ತಂಡ ಕಟ್ಟಿಕೊಂಡು ಬರುತ್ತಿದ್ದ. ತಾಂಡೇಲ (ಸಾರಂಗನ ಕೈಕೆಳಗಿನವ), ಭಂಡಾರಿ (ಅಡುಗೆಯವ), ಖಲಾಸಿ ಎಲ್ಲ ಒಂದೇ ಸೀಮೆಯವರಾಗಿರುವುದು ಸಾಮಾನ್ಯ. ನಿಮ್ಮ ಮುತ್ತಜ್ಜ ಬದುಕಿ ಬಂದರು, ಸರಿ. ಅವರ ಜೊತೆಯವರಲ್ಲಿ ತೀರಿಕೊಂಡವರು ಇರಬಹುದಲ್ಲ? ಮೊದಲ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಮಡಿದ ಅವಿಭಜಿತ ಭಾರತದ 2000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಮುಂಬೈಯ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿದೆ. ಅವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹುದ್ದೆ, ಹಡಗು, ತೀರಿಕೊಂಡ ತಾರೀಖು ಇರುತ್ತದೆ. ಕೆಲವರದಕ್ಕೆ ತಂದೆಯ ಹೆಸರು ಅಥವಾ ಹುಟ್ಟೂರೂ ಇರುತ್ತದೆ. ನಿಮ್ಮ ಪಟ್ಟಿಯ ಒಂದೊಂದು ಕ್ಲ್ಯಾನ್ ಹಡಗಿಗೂ ಅಲ್ಲಿ ಯಾರ ಯಾರ ಹೆಸರಿದೆ ನೋಡಿ. ಒಂದು ಹಡಗಿನಲ್ಲಿ ಮಡಿದವರ ಊರುಗಳು ನಿಮ್ಮ ಮುತ್ತಜ್ಜನ ಊರಿನ ಆಸುಪಾಸಿನವೇ ಆಗಿದ್ದರೆ, ಅವರ ಹೆಸರು ಎಲ್ಲೂ ಕಾಣದಿದ್ದರೂ ಅದೇ ಹಡಗು ಎನ್ನಲು ಬಲವಾದ ಆಧಾರ ಸಿಕ್ಕಂತಾಯಿತು.

ಇನ್ನೊಂದು ಬಗೆಯ ತಾಳೆಯೂ ಇದೆ. ಲಸ್ಕರರ ಕರಾರು ಸಾಮಾನ್ಯವಾಗಿ ಒಂದೆರಡು ವರ್ಷದ್ದು, ಮುಗಿಯುತ್ತಿದ್ದದ್ದು ಭಾರತದ ಬಂದರಿನಲ್ಲಿ. ಮನೆಯಲ್ಲಿ ಮಕ್ಕಳು ಹುಟ್ಟಿದ ವರ್ಷ, ಜಮೀನು ಕೊಂಡ ಪತ್ರದ ತಾರೀಖು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, 1914ಕ್ಕೆ ಮುಂಚಿನ ಪತ್ರಿಕೆಗಳಿಂದ ಹಡಗು ಮುಂಬೈಗೆ ಬಂದುಹೋದ ತಾರೀಖುಗಳನ್ನು ಪಕ್ಕದಲ್ಲಿ ಬರೆಯಿರಿ. ಕೂಡದೇ ಹೋದ ಹಡಗನ್ನು ಆಗಲೇ ಕೈಬಿಡಬಹುದು. ಹೆಸರನ್ನು ಹುಡುಕುವ ಆಸೆ ಇನ್ನೂ ಇದ್ದರೆ ಹಡಗಿನ ಅಂಕಣ ಬಿಟ್ಟು ಗ್ಲಾಸ್ಗೋ, ಲಂಡನ್ನಿನ ಪೊಲೀಸ್ ಕೋರ್ಟ್ ವರದಿಗಳನ್ನು ನೋಡಿ. ಸಂಬಳದ ತಕರಾರು, ಕೆಲಸಕ್ಕೆ ನಿರಾಕರಣೆ, ಹಡಗುಕಟ್ಟೆಯ ಅಪಘಾತ, ಇಂಥ ಕಡೆ ಲಸ್ಕರರು ಹೆಸರಿನೊಂದಿಗೆ ಬರುವುದುಂಟು.

ದುಡ್ಡಿನ ಮಾತು. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ ಹಣ ಕೊಟ್ಟು ಬಳಸುವ ತಾಣ. ಒಳ್ಳೆಯದೇ, ಆದರೆ ಹಡಗಿನ ಹೆಸರು, ತಾರೀಖು ಕೈಯಲ್ಲಿ ಇಟ್ಟುಕೊಂಡ ಮೇಲೆ ಒಂದು ತಿಂಗಳಿಗೆ ಸೇರಿದರೆ ಸಾಕು. ಹುಡುಕಿಕೊಡುತ್ತೇವೆ ಎನ್ನುವವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಕೆಲಸ ಕೊಡುವ ಮುನ್ನ ಎರಡು ಷರತ್ತು ಹಾಕಿ: ಸಿಕ್ಕ ಪ್ರತಿ ಪುಟದ ಚಿತ್ರ ಕೊಡಬೇಕು, ಎಲ್ಲೆಲ್ಲಿ ನೋಡಿ ಏನೂ ಸಿಗಲಿಲ್ಲ ಎಂಬುದನ್ನೂ ಬರೆದುಕೊಡಬೇಕು. ಎರಡನೆಯದಕ್ಕೆ ಒಪ್ಪದವರನ್ನು ಬಿಟ್ಟುಬಿಡಿ. ಮೊದಲೇ 'ನಿಮ್ಮ ಮುತ್ತಜ್ಜನ ಹೆಸರು ಖಂಡಿತ ಸಿಗುತ್ತದೆ' ಎಂದು ಮಾತು ಕೊಡುವವರನ್ನಂತೂ ದೂರವಿಡಿ. ಲಸ್ಕರರ ವಿಷಯದಲ್ಲಿ ಹಾಗೆ ಮಾತು ಕೊಡಲು ಯಾರಿಗೂ ಸಾಧ್ಯವಿಲ್ಲ. ವಂಶವೃಕ್ಷದ ತಾಣಗಳಲ್ಲಿ ಅದೇ ಹೆಸರಿನ ಬೇರೊಬ್ಬರನ್ನು ನಿಮ್ಮವರೆಂದು ಸೂಚಿಸುವ ಅಪಾಯವೂ ಇದೆ. ಹುಟ್ಟೂರು ಅಥವಾ ತಂದೆಯ ಹೆಸರು ಕೂಡದೆ ಒಪ್ಪಬೇಡಿ.

1919ರ ಪಟ್ಟಿ, ಅಧಿಕೃತ ಸಂಖ್ಯೆ, 1915ರ ಸಿಬ್ಬಂದಿ ಪಟ್ಟಿ, ಮುಂಬೈ ಸ್ಮಾರಕದ ಹೆಸರುಗಳು, ಈ ಕ್ರಮದಲ್ಲಿ ಹೋಗಿ. ಇವಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹಡಗು 1914, 1916 ಅಥವಾ ಆಮೇಲಿನದು ಎಂದು ತಿಳಿದುಬಂದರೆ ಮಾತ್ರ ನ್ಯೂಫೌಂಡ್‌ಲೆಂಡಿಗೆ ಬರೆಯಬೇಕಾಗುತ್ತದೆ. ಪ್ರತಿಗೆ ಶುಲ್ಕ ಕಟ್ಟುವ ಮೊದಲು ಹಡಗಿನ ಅಧಿಕೃತ ಸಂಖ್ಯೆ ಮತ್ತು ಪ್ರಯಾಣ ಮುಗಿದ ವರ್ಷ ಕೊಟ್ಟು, ಆ ಕಡತದಲ್ಲಿ ಲಸ್ಕರರ ಪಟ್ಟಿ ಲಗತ್ತಾಗಿದೆಯೇ ಎಂದು ಕೇಳಿ ಉತ್ತರ ತರಿಸಿಕೊಳ್ಳಿ.